ಗೋಡೆಯಿಂದ ಆಂಪ್‌ವರೆಗಿನ ಒಂದೂವರೆ ಮೀಟರ್

ದುಬಾರಿ ಆಡಿಯೋ ಅಂಗಡಿಗಳಲ್ಲಿ ಸ್ಪೀಕರ್, ಆಂಪ್ಲಿಫೈಯರ್‌ಗಳ ಪಕ್ಕದಲ್ಲಿ ಪವರ್ ಕಾರ್ಡ್‌ಗಳಿಗೂ ಒಂದು ಕಪಾಟು ಮೀಸಲಾಗಿರುತ್ತದೆ. ಹೆಬ್ಬೆರಳಿನಷ್ಟು ದಪ್ಪದ ತಂತಿ, ಮೇಲೆ ಹಾವಿನ ಪೊರೆಯಂತೆ ಹೆಣೆದ ನೈಲಾನ್ ಬಲೆ, ತುದಿಗಳಲ್ಲಿ ಚಿನ್ನದ ಇಲ್ಲವೇ ರೋಡಿಯಂ ಲೇಪದ ಪಿನ್ನುಗಳು. ಗೋಡೆಯ ಸಾಕೆಟ್ಟಿನಿಂದ ಆಂಪ್ಲಿಫೈಯರ್‌ಗೆ ಕರೆಂಟು ಒಯ್ಯುವುದಷ್ಟೇ ಅದರ ಕೆಲಸ. ಆಂಪ್ ಕೊಂಡಾಗ ಪೆಟ್ಟಿಗೆಯೊಳಗೆ ಬರುವ ಕಪ್ಪು ತಂತಿ ಮಾಡುವುದೂ ಅದನ್ನೇ. ಆ ಕಪ್ಪು ತಂತಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಪಾಟಿನಲ್ಲಿರುವುದಕ್ಕೆ ಹತ್ತಾರು ಸಾವಿರ, ಕೆಲವಕ್ಕೆ ಲಕ್ಷದ ಮೇಲೆ. ಹಾಕಿ ಕೇಳಿದ ಅನೇಕರು ಬಾಸ್ ಬಿಗಿಯಾಯಿತು, ಹಾಡುವವರ ಉಸಿರು ಕೂಡ ಕೇಳಿಸಿತು, ವಾದ್ಯಗಳ ನಡುವೆ ಜಾಗ ತೆರೆದುಕೊಂಡಿತು ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆಂದು ನಾನು ನಂಬುವುದಿಲ್ಲ. ಅವರಿಗೆ ವ್ಯತ್ಯಾಸ ಕೇಳಿಸಿದ್ದು ನಿಜವೇ. ಆ ವ್ಯತ್ಯಾಸ ಹುಟ್ಟಿದ್ದು ತಂತಿಯಲ್ಲಿ ಅಲ್ಲ ಎಂಬುದಷ್ಟೇ ನನ್ನ ವಾದ.

ಮೊದಲು ತಿಳಿಯಬೇಕಾದದ್ದು, ಈ ತಂತಿಯಲ್ಲಿ ಸಂಗೀತ ಹರಿಯುವುದಿಲ್ಲ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್‌ನ ಎಸಿ. ಸಾಂಪ್ರದಾಯಿಕ ಆಂಪ್‌ನ ಒಳಗೆ ಟ್ರಾನ್ಸ್‌ಫಾರ್ಮರ್ ಆ ವೋಲ್ಟೇಜನ್ನು ಇಳಿಸುತ್ತದೆ, ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ, ಸಾವಿರಾರು ಮೈಕ್ರೋಫ್ಯಾರಡ್‌ನ ಕೆಪಾಸಿಟರ್‌ಗಳು ತುಂಬಿಟ್ಟುಕೊಳ್ಳುತ್ತವೆ. ಮನೆಯ ಮೇಲಿನ ನೀರಿನ ಟ್ಯಾಂಕಿನಂತೆ ಇದು. ಬಚ್ಚಲಿನ ನಲ್ಲಿಗೆ ನೀರು ಬರುವುದು ಟ್ಯಾಂಕಿನಿಂದ, ಬೀದಿಯ ಪೈಪಿನಿಂದಲ್ಲ. ಹಾಗೆಯೇ ಸ್ಪೀಕರ್‌ಗೆ ಶಕ್ತಿ ಹೋಗುವುದು ಕೆಪಾಸಿಟರ್‌ನಿಂದ. ಈಗ ಕಪ್ಪು ತಂತಿಯ ಲೆಕ್ಕ ನೋಡೋಣ. ಒಂದೂವರೆ ಚದರ ಮಿಲಿಮೀಟರ್ ಗಾತ್ರದ ತಾಮ್ರಕ್ಕೆ ಮೀಟರಿಗೆ ಸುಮಾರು 13 ಮಿಲಿಓಮ್ ರೋಧ. ಒಂದೂವರೆ ಮೀಟರ್ ಕಾರ್ಡ್ ಎಂದರೆ ಹೋಗಿಬರುವ ದಾರಿ ಸೇರಿ ಮೂರು ಮೀಟರ್, ಹೆಚ್ಚುಕಡಿಮೆ 40 ಮಿಲಿಓಮ್. ಒಂದು ಆಂಪಿಯರ್ ಹರಿದರೆ ದಾರಿಯಲ್ಲಿ ಕಳೆದುಹೋಗುವುದು 0.04 ವೋಲ್ಟ್. ಕೆಪಾಸಿಟರ್ ತುಂಬುವ ಕರೆಂಟು ಒಂದೇ ಸಮನೆ ಹರಿಯದೆ ಸೆಕೆಂಡಿಗೆ 100 ಸಲ ಗುಟುಕು ಗುಟುಕಾಗಿ ಬರುತ್ತದೆ, ಅದು ನಿಜ. ಒಂದೊಂದು ಗುಟುಕೂ 10 ಆಂಪಿಯರ್ ಮುಟ್ಟುತ್ತದೆಂದೇ ಇಟ್ಟುಕೊಳ್ಳೋಣ. ಆಗಲೂ ಕಳೆಯುವುದು 230ರಲ್ಲಿ 0.4 ವೋಲ್ಟ್. ಅಡುಗೆಮನೆಯ ಫ್ರಿಜ್ ಚಾಲೂ ಆದಾಗ ಅದಕ್ಕಿಂತ ಹೆಚ್ಚು ವೋಲ್ಟೇಜು ಕುಸಿಯುತ್ತದೆ, ಹಾಡು ಕೇಳುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಕಾರ್ಡ್ ಪರ ವಹಿಸುವವರಲ್ಲಿ ಇದಕ್ಕೊಂದು ಉತ್ತರ ಸಿದ್ಧವಿದೆ. ಆಂಪ್ ಕಡೆಯಿಂದ ನೋಡಿ, ಅದು ಕೊನೆಯ ಮೀಟರಲ್ಲ, ಮೊದಲನೆಯ ಮೀಟರ್ ಎನ್ನುತ್ತಾರೆ. ಮಾತು ಚೆನ್ನಾಗಿದೆ, ವಿದ್ಯುತ್ತು ಮಾತ್ರ ಹಾಗೆ ನಡೆದುಕೊಳ್ಳುವುದಿಲ್ಲ. ಶರಾವತಿ ಕಣಿವೆಯಿಂದ ನೂರಾರು ಕಿಲೋಮೀಟರ್ ದಾಟಿ, ಬೀದಿಯ ಟ್ರಾನ್ಸ್‌ಫಾರ್ಮರ್ ಹಾದು, ಗೋಡೆಯೊಳಗಿನ ಮಾಮೂಲಿ ವೈರಿನಲ್ಲಿ ಅದು ಸಾಕೆಟ್ಟಿಗೆ ಬಂದಿರುತ್ತದೆ. ಸರಣಿಯಲ್ಲಿರುವ ರೋಧಗಳೆಲ್ಲ ಒಟ್ಟು ಕೂಡುತ್ತವೆ. ತುದಿಯ ಒಂದು ತುಂಡನ್ನು ಬದಲಿಸಿದರೆ ಹಿಂದಿನ ಉದ್ದ ಅಳಿಸಿಹೋಗುವುದಿಲ್ಲ. ಕರೆಂಟಿನಲ್ಲಿ ಬೆರೆತ ಗದ್ದಲವನ್ನು ಸೋಸಲು ಕಾಯಿಲ್, ಕೆಪಾಸಿಟರ್ ಬೇಕು. ತಾಮ್ರ ಎಷ್ಟೇ ಶುದ್ಧವಾಗಿರಲಿ, ಜರಡಿಯಾಗುವುದಿಲ್ಲ. ಹಾಗೆಂದು ಕರೆಂಟಿನ ಕಡೆಯಿಂದ ಸದ್ದಿಗೆ ತೊಂದರೆಯೇ ಇಲ್ಲ ಎಂದಲ್ಲ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಸ್ಪೀಕರ್ ಗುಂಯ್ ಎನ್ನುತ್ತದೆ. ಅಗ್ಗದ ಇನ್ವರ್ಟರ್‌ನಲ್ಲಿ ನಡೆಸಿದರೆ ಟ್ರಾನ್ಸ್‌ಫಾರ್ಮರೇ ಗುನುಗುತ್ತದೆ. ರೆಕಾರ್ಡ್ ಪ್ಲೇಯರ್‌ನ ತೆಳು ತಂತಿಯ ಪಕ್ಕದಲ್ಲೇ ಪವರ್ ಕಾರ್ಡ್ ಹಾಯಿಸಿದರೂ ಗುಂಯ್‌ಗುಟ್ಟುವುದು ಉಂಟು. ಇವೆಲ್ಲ ಯಾರ ಕಿವಿಗೂ ಬೀಳುವಂಥವು, ಎಲೆಕ್ಟ್ರೀಷಿಯನ್ ಬಂದು ಸರಿಮಾಡುವಂಥವು.

ಲೆಕ್ಕ ಹೀಗೆನ್ನುತ್ತದೆ, ಕಿವಿ ಏನೆನ್ನುತ್ತದೆ ಎಂದು ಕೇಳುವುದು ನ್ಯಾಯವೇ. 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಡಿಯೋ ಪ್ರಿಯರ ಸಂಘವೊಂದರ ಸದಸ್ಯರನ್ನು ಕೂರಿಸಿ ಈ ಪರೀಕ್ಷೆ ಮಾಡಿದರು. ಒಂದು ಕಡೆ ಸಾಧಾರಣ ಕಾರ್ಡ್, ಇನ್ನೊಂದು ಕಡೆ ಸುಮಾರು 2,500 ಡಾಲರ್ ಬೆಲೆಯ ನಾರ್ಡೋಸ್ಟ್ ವಲ್ಹಾಲ್ಲಾ. ಯಾವುದು ಹಾಕಿದೆ ಎಂದು ಕೇಳುಗರಿಗೆ ಹೇಳಲಿಲ್ಲ. ಒಟ್ಟು 149 ಉತ್ತರಗಳಲ್ಲಿ ಸರಿಯಾದವು 73, ಅಂದರೆ ನೂರಕ್ಕೆ 49. ನಾಣ್ಯ ಚಿಮ್ಮಿ ಉತ್ತರ ಕೊಟ್ಟಿದ್ದರೂ ಅಷ್ಟೇ ಬರುತ್ತಿತ್ತು. ಇವರು ದಾರಿಹೋಕರಲ್ಲ, ಒಳ್ಳೆಯ ಸದ್ದಿಗಾಗಿ ವರ್ಷಗಟ್ಟಲೆ ಕಿವಿಗೊಟ್ಟವರು. ಹೀಗಾಗಿ ಈ ಫಲಿತಾಂಶಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಹಾಗಿದ್ದರೆ ಕಣ್ಣು ಬಿಟ್ಟು ಕೇಳುವಾಗ ಬದಲಾವಣೆ ಅಷ್ಟು ಸ್ಪಷ್ಟವಾಗಿ ಕೇಳಿಸುವುದೇಕೆ? ನಾವು ಕಿವಿಯೊಂದರಿಂದಲೇ ಕೇಳುವುದಿಲ್ಲ. 1976ರಲ್ಲಿ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು ‘ಗ’ ಎಂದು ತುಟಿಯಾಡಿಸುವ ಮುಖಕ್ಕೆ ‘ಬ’ ಎಂಬ ಧ್ವನಿ ಜೋಡಿಸಿ ತೋರಿಸಿದರು. ನೋಡಿದವರಲ್ಲಿ ಹೆಚ್ಚಿನವರಿಗೆ ಕೇಳಿಸಿದ್ದು ‘ಡ’. ಕಣ್ಣು ಮುಚ್ಚಿದರೆ ‘ಬ’, ತೆರೆದರೆ ಮತ್ತೆ ‘ಡ’. ಗುಟ್ಟು ಗೊತ್ತಾದ ಮೇಲೂ ಅದು ಹಾಗೆಯೇ ಕೇಳಿಸುತ್ತದೆ. ಕಣ್ಣು ಕೊಟ್ಟ ಸುದ್ದಿಯನ್ನು ಮಿದುಳು ಧ್ವನಿಯೊಳಕ್ಕೇ ಬೆರೆಸಿಬಿಡುತ್ತದೆ. ದಪ್ಪ ತಂತಿ, ಚಿನ್ನದ ಪಿನ್ನು, ತೆತ್ತ ಹಣ ಇವೂ ಅಂಥ ಸುದ್ದಿಗಳೇ. ಜೊತೆಗೆ, ಎರಡನೆಯ ಸಲ ಕೇಳುವಾಗ ನಾವು ಹುಡುಕುತ್ತಾ ಕೇಳುತ್ತೇವೆ; ಮೊದಲ ಸಲ ಗಮನಕ್ಕೆ ಬಾರದ ಉಸಿರು ಈಗ ಸಿಕ್ಕೇ ಸಿಗುತ್ತದೆ. ಹಳೆಯ ಪ್ಲಗ್ ಕಿತ್ತು ಹೊಸದನ್ನು ಒತ್ತಿ ಕೂರಿಸುವಾಗ ಸಾಕೆಟ್ಟಿನೊಳಗಿನ ಸಡಿಲ ಸಂಪರ್ಕ ಸರಿಹೋಗುವುದೂ ಇದೆ. ಅದೇ ಹಳೆಯ ಪ್ಲಗ್ಗನ್ನು ಕಿತ್ತು ಹಾಕಿದ್ದರೂ ಸಾಕಾಗುತ್ತಿತ್ತು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ. ಪರೀಕ್ಷೆಯ ಒತ್ತಡದಲ್ಲಿ ಸೂಕ್ಷ್ಮ ವ್ಯತ್ಯಾಸಗಳು ಕಿವಿಗೆ ದಕ್ಕುವುದಿಲ್ಲ, ಅಳೆಯುವ ಯಂತ್ರಕ್ಕೂ ಎಲ್ಲವೂ ತಿಳಿಯುವುದಿಲ್ಲ ಎಂಬುದು. ಮೊದಲು ಕಿವಿಯ ಮಾತು ನೋಡೋಣ. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 40 ಜನರಿಗೆ ನಾಲ್ಕು ಸ್ಪೀಕರ್‌ಗಳನ್ನು ಮರೆಮಾಡಿಯೂ ತೋರಿಸಿಯೂ ಕೇಳಿಸಿದ್ದರು. ನೋಡುತ್ತಾ ಕೇಳಿದಾಗ ಅಂಕಗಳಲ್ಲಿ ದೊಡ್ಡ ಅಂತರ. ಮರೆ ಮಾಡಿದಾಗ ಅಂತರ ತಗ್ಗಿತು. ಆದರೆ ಕೋಣೆಯಲ್ಲಿ ಸ್ಪೀಕರ್‌ನ ಜಾಗ ಬದಲಿಸಿದರೆ ಸದ್ದು ಬದಲಾಗುವುದನ್ನು ಜನ ಚೆನ್ನಾಗಿ ಗುರುತಿಸಿದ್ದು ಮರೆಯ ಆಚೆಗಿದ್ದಾಗಲೇ. ನಿಜವಾದ ವ್ಯತ್ಯಾಸಕ್ಕೆ ಕಣ್ಣಿನ ಸಾಕ್ಷಿ ಬೇಕಾಗಿಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿರುವ ಹತ್ತಿಯ ಎಳೆಯನ್ನು ಕೂದಲಿನಷ್ಟು ಸರಿಸಿ ನೋಡಿ: ಒಣಗಿದ್ದ ನಾದ ಜೀವ ತುಂಬಿ ಝೇಂಕರಿಸುತ್ತದೆ. ಗೋಡೆಯ ಆಚೆ ಕೂತವರಿಗೂ ಅದು ಕೇಳುತ್ತದೆ, ಯಂತ್ರದ ಗೆರೆಯಲ್ಲೂ ಕಾಣುತ್ತದೆ. ಯಂತ್ರದ ಮಾತಿಗೆ ಬಂದರೆ, ಆಂಪ್‌ನಿಂದ ಸ್ಪೀಕರ್‌ಗೆ ಹೋಗುವುದು ಎರಡೇ ತಂತಿ. ಕಿವಿಗೆ ಬರಬೇಕಾದದ್ದೆಲ್ಲ ಅಲ್ಲಿ ವೋಲ್ಟೇಜಾಗಿ ಹಾಯಲೇಬೇಕು. ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ದೋಷವನ್ನೂ ಅಲ್ಲಿ ಅಳೆಯಬಲ್ಲ ಸಲಕರಣೆಗಳಿವೆ.

ಅವರ ದುಡ್ಡು, ಅವರ ಇಷ್ಟ ಎನ್ನಬಹುದು. ನನಗೆ ನೋವಾಗುವುದು, ಸಾಧಾರಣ ಸೆಟ್ ಇಟ್ಟುಕೊಂಡ ಸಂಗೀತಪ್ರಿಯರು ಒಳ್ಳೆಯ ಸದ್ದು ಲಕ್ಷಾಧೀಶರಿಗಷ್ಟೇ ಎಂದು ತಿಳಿದು ಕೂರುವುದು. ಸದ್ದನ್ನು ನಿಜವಾಗಿ ಕೆಡಿಸುತ್ತಿರುವುದು ಹೆಚ್ಚಾಗಿ ಕೋಣೆಯೇ. ಹನ್ನೊಂದು ಅಡಿ ಅಂತರದ ಎರಡು ಬೋಳು ಗೋಡೆಗಳ ನಡುವೆ 50 ಹರ್ಟ್ಸ್ ಸುಮಾರಿನ ಬಾಸ್ ನಿಂತುಬಿಡುತ್ತದೆ. ಗೋಡೆಗೊರಗಿ ಕೂತರೆ ಗುಮ್ಮೆನ್ನುತ್ತದೆ, ಸರಿಯಾಗಿ ನಡುವೆ ಕೂತರೆ ಬಹುಪಾಲು ಮಾಯವಾಗುತ್ತದೆ. ಕುರ್ಚಿಯನ್ನು ಎರಡಡಿ ಸರಿಸುವುದಕ್ಕೆ, ಟೈಲ್ಸ್ ನೆಲಕ್ಕೆ ಜಮಖಾನ ಹಾಸುವುದಕ್ಕೆ, ಸ್ಪೀಕರನ್ನು ಮೂಲೆಯಿಂದ ಈಚೆಗೆ ತರುವುದಕ್ಕೆ ಹೆಚ್ಚು ಖರ್ಚಿಲ್ಲ. ಇಷ್ಟಾದ ಮೇಲೂ ಕಾರ್ಡ್ ಬೇಕೆನಿಸಿದರೆ ಮೊದಲು ಮನೆಗೆ ತಂದು ಕೇಳಿ. ಪ್ರತಿ ಸುತ್ತಿಗೂ ಮನೆಯವರೊಬ್ಬರು ನಿಮಗೆ ಕಾಣದಂತೆ ನಾಣ್ಯ ಚಿಮ್ಮಿ ಎರಡರಲ್ಲೊಂದನ್ನು ಹಾಕಲಿ, ಮೇಲೊಂದು ಬಟ್ಟೆ ಮುಚ್ಚಲಿ, ನೀವು ಯಾವುದೆಂದು ಬರೆದಿಡಿ. ವಾಲ್ಯೂಮ್ ಮುಟ್ಟಬೇಡಿ, ಅವಸರವನ್ನೂ ಮಾಡಬೇಡಿ, ಒಂದು ಸುತ್ತಿಗೆ ಒಂದು ದಿನವೇ ಹಿಡಿಯಲಿ. ಹದಿನಾರು ಸುತ್ತಿನಲ್ಲಿ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಬರೀ ಅದೃಷ್ಟದಿಂದ ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಅಷ್ಟು ಸರಿಯಾದರೆ ಆ ಕಾರ್ಡನ್ನು ಕೊಳ್ಳಲು ನಿಮಗೊಂದು ಕಾರಣ ಸಿಕ್ಕಿರುತ್ತದೆ.