ಪುಸ್ತಕವಿದೆ, ಹುಡುಕಿದರೆ ಸಿಗದು!

ದೊಡ್ಡ ಗ್ರಂಥಾಲಯಗಳಲ್ಲಿ ಪುಸ್ತಕಗಳ ವಿವರ ಬರೆದಿಟ್ಟ ಕಾರ್ಡುಗಳ ಜಾಗಕ್ಕೆ ಗಣಕಯಂತ್ರ ಬಂದು ವರ್ಷಗಳೇ ಆದವು. ಬೇಕಾದ ಹೆಸರನ್ನು ಟೈಪು ಮಾಡಿದರೆ ಕ್ಷಣಾರ್ಧದಲ್ಲಿ ಉತ್ತರ ಬರುತ್ತದೆ. ಆದರೆ ಆ ಉತ್ತರ ‘ಯಾವ ಪುಸ್ತಕವೂ ದೊರೆಯಲಿಲ್ಲ’ ಎಂದಾದರೆ? ಪುಸ್ತಕ ನಿಜವಾಗಿಯೂ ಇಲ್ಲವೋ, ಕೇಳಿದ ರೀತಿ ಯಂತ್ರಕ್ಕೆ ತಿಳಿಯಲಿಲ್ಲವೋ ಎಂಬುದು ವಿದ್ಯಾರ್ಥಿಗೆ ಗೊತ್ತಾಗುವುದಿಲ್ಲ. ಪುಸ್ತಕ ಕಪಾಟಿನಲ್ಲಿದ್ದರೂ ಆತ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ.

ಒಂದು ಕಾವ್ಯ, ಹಲವು ಹೆಸರು

ಶಿಗ್ಲಿಯ ಒಬ್ಬ ವಿದ್ಯಾರ್ಥಿನಿಗೆ ಭಾಷಣ ಸ್ಪರ್ಧೆಗಾಗಿ ಕುಮಾರವ್ಯಾಸನ ಕಾವ್ಯ ಬೇಕಾಗಿದೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಅಜ್ಜ ಅದನ್ನು ‘ಗದುಗಿನ ಭಾರತ’ ಎನ್ನುತ್ತಾರೆ. ಶಾಲೆಯಲ್ಲಿ ಗುರುಗಳು ‘ಕುಮಾರವ್ಯಾಸ ಭಾರತ’ ಎನ್ನುತ್ತಾರೆ. ಗ್ರಂಥಾಲಯದ ದಾಖಲೆಯಲ್ಲಿ ಅದು ‘ಕರ್ಣಾಟ ಭಾರತ ಕಥಾಮಂಜರಿ’ ಎಂದಿರಬಹುದು. ಕವಿಯ ಹೆಸರು ಒಂದು ಕಡೆ ಕುಮಾರವ್ಯಾಸ, ಇನ್ನೊಂದು ಕಡೆ ನಾರಣಪ್ಪ. ‘ಕರ್ಣಾಟ’ ಎಂಬಲ್ಲಿ ‘ಣ’ಕಾರದ ಬದಲು ‘ನ’ಕಾರ ಬಿದ್ದರೂ ಕೆಲವು ಯಂತ್ರಗಳು ಕೈಚೆಲ್ಲುತ್ತವೆ.

ಊರಿನ ಹೆಸರುಗಳ ಕಥೆಯೂ ಹೀಗೆಯೇ. ಪಂಪ ಹೊಗಳಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಲಕ್ಷ್ಮೇಶ್ವರದ ಇತಿಹಾಸ ಹುಡುಕುವ ಹುಡುಗನಿಗೆ ಪುಲಿಗೆರೆಯ ಪುಸ್ತಕವೂ ಸಿಗಬೇಕಲ್ಲವೇ?

ಹಿಂದಿನ ಕಾರ್ಡು ಪದ್ಧತಿಯಲ್ಲಿ ಇದಕ್ಕೊಂದು ಜಾಣ ಉಪಾಯವಿತ್ತು. ‘ನಾರಣಪ್ಪ: ಕುಮಾರವ್ಯಾಸ ನೋಡಿ’ ಎಂಬಂಥ ಕಾರ್ಡನ್ನು ಗ್ರಂಥಪಾಲಕರು ಬರೆದಿಡುತ್ತಿದ್ದರು. ಗಣಕಯಂತ್ರವೂ ಈ ಕೆಲಸ ಮಾಡಬಲ್ಲದು. ಆದರೆ ಯಾರಾದರೂ ಅದಕ್ಕೆ ಹೇಳಿಕೊಡಬೇಕು.

ಲಿಪಿಯ ತೊಡಕು

ಕನ್ನಡಕ್ಕೆ ಇನ್ನೊಂದು ವಿಶೇಷ ತೊಡಕಿದೆ. ಗಣಕಯಂತ್ರ ಅಕ್ಷರದ ಆಕಾರವನ್ನು ನೋಡುವುದಿಲ್ಲ, ಅದರ ಸಂಕೇತಸಂಖ್ಯೆಯನ್ನು ನೋಡುತ್ತದೆ. ಯುನಿಕೋಡ್ ಪದ್ಧತಿಯಲ್ಲಿ ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತದಿಂದ ಬರೆಯಬಹುದು, ಎರಡು ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇವೆರಡನ್ನೂ ಒಂದೆಂದು ತಿಳಿಯುವಂತೆ ತಂತ್ರಾಂಶ ರಚಿಸದಿದ್ದರೆ ಯಂತ್ರಕ್ಕೆ ಅವು ಬೇರೆ ಬೇರೆ.

ಕನ್ನಡದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದಿಟ್ಟರಂತೂ ಒಬ್ಬೊಬ್ಬರದು ಒಂದೊಂದು ಕಾಗುಣಿತ. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳಿಗೆ ಆದದ್ದು ಇದೇ. ಪುಸ್ತಕಗಳು ಅಂತರ್ಜಾಲದಲ್ಲಿದ್ದವು. ಹೆಸರುಗಳು ರೋಮನ್ ಲಿಪಿಯಲ್ಲಿದ್ದುದರಿಂದ ಕನ್ನಡದಲ್ಲಿ ಹುಡುಕಿದವರಿಗೆ ಸಿಗುತ್ತಿರಲಿಲ್ಲ. ಮುಂದೆ ‘ಸಂಚಯ’ ಎಂಬ ಕನ್ನಡ ಆಸಕ್ತರ ತಂಡ ‘ಪುಸ್ತಕ ಸಂಚಯ’ದ ಮೂಲಕ ಅವನ್ನು ಕನ್ನಡ ಅಕ್ಷರಗಳಲ್ಲೇ ಹುಡುಕಲು ದಾರಿ ಮಾಡಿತು. ಹೊಸ ಪುಸ್ತಕವೇನೂ ಬರಲಿಲ್ಲ, ಇದ್ದದ್ದೇ ಕಣ್ಣಿಗೆ ಬಿತ್ತು.

ಪರೀಕ್ಷೆ ಯಾರಿಗೆ?

ಇಂಥ ತೊಡಕುಗಳನ್ನು ಪತ್ತೆಹಚ್ಚುವ ವಿಧಾನಕ್ಕೆ ‘ಯೂಸಬಿಲಿಟಿ ಟೆಸ್ಟಿಂಗ್’, ಅಂದರೆ ಬಳಕೆಯ ಪರೀಕ್ಷೆ ಎಂದು ಹೆಸರು. ಇದಕ್ಕೆ ಪ್ರಯೋಗಾಲಯವೇ ಬೇಕೆಂದಿಲ್ಲ. ಓದುಗರೊಬ್ಬರನ್ನು ಯಂತ್ರದ ಮುಂದೆ ಕೂರಿಸಿ, ‘ಬೆಳಕಿನ ವಕ್ರೀಭವನದ ಬಗ್ಗೆ ಒಂದು ಕನ್ನಡ ಪುಸ್ತಕ ಹುಡುಕಿ’ ಎಂಬಂಥ ನಿಜವಾದ ಕೆಲಸ ಕೊಡಬೇಕು. ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ಹೋಗಲು ತಿಳಿಸಬೇಕು. ಪಕ್ಕದಲ್ಲಿ ಕುಳಿತವರು ನೆರವಾಗಕೂಡದು. ಎಲ್ಲಿ ತಡೆದರು, ಯಾವ ಪದ ಬಳಸಿದರು, ಎಷ್ಟು ಹೊತ್ತು ಹಿಡಿಯಿತು, ಯಾವಾಗ ಕೈಬಿಟ್ಟರು ಎಂಬುದನ್ನು ಬರೆದುಕೊಳ್ಳಬೇಕು. ಇಲ್ಲಿ ಪರೀಕ್ಷೆ ಯಂತ್ರಕ್ಕೆ, ವಿದ್ಯಾರ್ಥಿಗಲ್ಲ. ಅಂಕ ಕಡಿಮೆ ಬಿದ್ದರೆ ಅದು ಯಂತ್ರದ ಅಂಕ.

ಎಷ್ಟು ಜನರನ್ನು ಕೂರಿಸಬೇಕು? ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಅವರ ಅಧ್ಯಯನಗಳಲ್ಲಿ ಒಬ್ಬ ಬಳಕೆದಾರನಿಂದ ಸರಾಸರಿ ಶೇ. 31ರಷ್ಟು ದೋಷಗಳು ಬಯಲಾದವು, ಶೇ. 69 ಉಳಿದವು. ಪ್ರತಿ ಹೊಸಬನೂ ಉಳಿದದ್ದರಲ್ಲಿ ಅದೇ ಪ್ರಮಾಣ ತೋರಿಸಿದರೆ, ಐದು ಜನರ ನಂತರ ಉಳಿಯುವುದು 0.69ರ ಐದನೆಯ ಘಾತ, ಅಂದರೆ ಸುಮಾರು 0.16. ವಿದ್ಯಾರ್ಥಿಗಳು ಗುಣಿಸಿ ನೋಡಬಹುದು. ನೂರರಲ್ಲಿ 84 ದೋಷಗಳು ಐವರಿಂದಲೇ ಸಿಕ್ಕಂತಾಯಿತು! ಇದು ಸರಾಸರಿ ಲೆಕ್ಕವೇ ಹೊರತು ಎಲ್ಲ ಕಡೆಗೂ ಹೊಂದುವ ನಿಯಮವಲ್ಲ. ಮಕ್ಕಳು ಎಡವುವ ಕಡೆ ಹಿರಿಯರು ಎಡವದಿರಬಹುದು. ಆದ್ದರಿಂದ ಎರಡೂ ಗುಂಪನ್ನು ಬೇರೆ ಬೇರೆಯಾಗಿ ಪರೀಕ್ಷಿಸುವುದು ಒಳ್ಳೆಯದು. ದೋಷ ತಿದ್ದಿದ ಮೇಲೆ ಮತ್ತೆ ಐವರನ್ನು ಕೂರಿಸಬೇಕು.

ಗಣಿತದ ಮೇಷ್ಟ್ರ ಮಾತು

ಯಂತ್ರಗಳು ಬರುವ ಮೊದಲೇ ಈ ವಿಚಾರದ ಬೇರನ್ನು ಹಿಡಿದವರು ಡಾ. ಎಸ್.ಆರ್. ರಂಗನಾಥನ್. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದ ಇವರು ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗನ ಸಮಯ ಹಾಳಾಗಬಾರದೆಂಬುದು ಅವುಗಳಲ್ಲಿ ನಾಲ್ಕನೆಯದು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಅವರು 1962ರಲ್ಲಿ ಅಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಬಳಕೆಯ ಪರೀಕ್ಷೆ ಎಂದರೆ ಆ ನಾಲ್ಕನೆಯ ಸೂತ್ರವನ್ನು ಗಡಿಯಾರ ಹಿಡಿದು ಅಳೆಯುವುದೇ ಆಗಿದೆ.

ಪಾಲಕರು ಗಮನಿಸಬೇಕಾದುದು ಇಷ್ಟು. ಮಗು ‘ಪುಸ್ತಕ ಸಿಗಲಿಲ್ಲ’ ಎಂದು ಬಂದರೆ ಗದರಿಸುವ ಮೊದಲು ಯಾವ ಪದ ಹಾಕಿ ಹುಡುಕಿತೆಂದು ಕೇಳಿರಿ. ಬೇರೆ ಹೆಸರು, ಚಿಕ್ಕ ಪದ, ಲೇಖಕರ ಹೆಸರು ಹಾಕಿ ನೋಡಲು ಹೇಳಿರಿ. ಆದರೂ ಸಿಗದಿದ್ದರೆ ಆ ಪದಗಳನ್ನೇ ಚೀಟಿಯಲ್ಲಿ ಬರೆದು ಗ್ರಂಥಪಾಲಕರಿಗೆ ಕೊಡಲಿ. ಒಬ್ಬ ವಿದ್ಯಾರ್ಥಿಗೆ ಸಿಗದ ದಾರಿ ಆ ಚೀಟಿಯಿಂದ ಮುಂದಿನವರಿಗೆ ಸಿಕ್ಕೀತು.