ಹಳೆಯ ಕ್ಷೌರಕತ್ತಿ: ಕೊಳ್ಳುವುದೂ ಮಸೆಯುವುದೂ



ಹಿಡಿಯೊಳಗೆ ಮಡಚಿಕೊಳ್ಳುವ ಹಳೆಯ ಕ್ಷೌರಕತ್ತಿಯ ವಿಚಾರವಾಗಿ ಇಂದು ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇನೆ. ನಮ್ಮ ತಾತನವರ ಪೆಟ್ಟಿಗೆಯಲ್ಲಿ ಇಂಥದೊಂದು ಕತ್ತಿ ಇದ್ದಿತು. ಅದು ಮೊಂಡಾಗಿದೆಯೆಂದು ನಾನು ಅದನ್ನು ಬೀದಿಯಲ್ಲಿ ಬಂದ ಸಾಣೆಯವನ ಕೈಗೆ ಕೊಟ್ಟೆನು. ಒಣ ಚಕ್ರದಿಂದ ಕಿಡಿಗಳು ಹಾರಿದವು. ಐದು ನಿಮಿಷಗಳಲ್ಲಿ ಕತ್ತಿ ಕನ್ನಡಿಯಂತೆ ಹೊಳೆಯಿತು. ಆದರೆ ಅಂಚಿನುದ್ದಕ್ಕೂ ನೀಲಿಯ ಛಾಯೆಯೊಂದು ಮೂಡಿತ್ತು. ಆಮೇಲೆ ಆ ಕತ್ತಿ ಎಷ್ಟು ಮಸೆದರೂ ಗಡ್ಡಕ್ಕೆ ಬಾರದೆ ಹೋಯಿತು. ತಪ್ಪು ಸಾಣೆಯವನದಲ್ಲ. ಅವನು ಮಚ್ಚು ಕುಡುಗೋಲುಗಳನ್ನು ಹರಿತಮಾಡುವವನು. ತಿಳಿಯದೆ ಕೊಟ್ಟವನು ನಾನು. ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ಆದರೆ ಆ ನೀಲಿಯ ಅರ್ಥವನ್ನು ಗ್ರಹಿಸಿದರೆ, ಇಂಥ ಕತ್ತಿಯನ್ನು ಆರಿಸುವುದು ಹೇಗೆ, ಮಸೆಯುವುದು ಹೇಗೆ ಎಂಬೆರಡೂ ಸ್ಪಷ್ಟವಾಗುತ್ತವೆ.

ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಅದು ಬಹು ಗಡುಸಾಗುತ್ತದೆ. ಆದರೆ ಗಾಜಿನಂತೆ ಪೆಡಸಾಗಿಯೂ ಇರುತ್ತದೆ. ಅದನ್ನು ಮತ್ತೆ ಸುಮಾರು 200 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದಲ್ಲಿ ಪೆಡಸು ತಗ್ಗಿ, ಗಡುಸು ಬಹುಮಟ್ಟಿಗೆ ಉಳಿಯುತ್ತದೆ. ಇದೇ ಉಕ್ಕಿನ ಹದ. ಶಾಖವು 300 ಡಿಗ್ರಿಯ ಆಸುಪಾಸಿಗೆ ಏರಿದರೆ ನೀಲಿ ಬಣ್ಣ ಕಾಣಿಸಿಕೊಳ್ಳುತ್ತದೆ. ಹದ ಕೆಟ್ಟಿತೆಂಬುದಕ್ಕೆ ಅದೇ ಗುರುತು. ಕತ್ತಿಯ ಅಂಚು ಅತ್ಯಂತ ತೆಳುವಾದುದರಿಂದ ಅಷ್ಟು ಶಾಖ ಏರಲು ಕ್ಷಣಮಾತ್ರ ಸಾಕು.

ಈ ಕತ್ತಿಗಳಲ್ಲಿ ಹೆಸರಾದವು ಇಂಗ್ಲೆಂಡಿನ ಷೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ಪಟ್ಟಣಗಳಲ್ಲಿ ತಯಾರಾದವು. 1740ರ ದಶಕದಲ್ಲಿ ಷೆಫೀಲ್ಡಿನ ಬಳಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸಗಾರನು, ಉಕ್ಕನ್ನು ಮೂಸೆಯಲ್ಲಿ ಕರಗಿಸಿ ಏಕರೂಪವಾದ ಗಟ್ಟಿಯನ್ನು ಎರಕಹೊಯ್ಯುವ ಕ್ರಮವನ್ನು ರೂಢಿಗೆ ತಂದನು. ಮೂಸೆಯ ಉಕ್ಕು ದಕ್ಷಿಣ ಭಾರತಕ್ಕೆ ಅದಕ್ಕಿಂತ ಬಹು ಪೂರ್ವದಿಂದಲೂ ಪರಿಚಿತವಾಗಿತ್ತು. ಆಂಗ್ಲರು ಅದನ್ನು ‘ವೂಟ್ಜ್’ ಎಂದು ಕರೆದರು. ನಮ್ಮ ‘ಉಕ್ಕು’ ಎಂಬ ಮಾತೇ ಹಾಗೆ ರೂಪಾಂತರ ಹೊಂದಿತೆಂದು ಹಲವು ವಿದ್ವಾಂಸರ ಮತ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಕುರಿತು ಪ್ರಬಂಧವನ್ನು ಮಂಡಿಸಿದನು. 1820ರ ಸುಮಾರಿನಲ್ಲಿ ಮೈಕೆಲ್ ಫ್ಯಾರಡೆಯೂ, ಶಸ್ತ್ರಗಳನ್ನು ತಯಾರಿಸುತ್ತಿದ್ದ ಜೇಮ್ಸ್ ಸ್ಟೋಡಾರ್ಟನೂ ಕೂಡಿ ಅದರ ಗುಣದ ಮರ್ಮವನ್ನರಸಿ ಪ್ರಯೋಗಗಳನ್ನು ನಡೆಸಿದರು. ಆ ಪ್ರಯೋಗಗಳ ಉಕ್ಕಿನಿಂದ ಕ್ಷೌರಕತ್ತಿಗಳೂ ತಯಾರಾದವು.

1903ರಲ್ಲಿ ಜಿಲೆಟ್ ಎಂಬಾತನ ಕಂಪೆನಿಯು ಬಳಸಿ ಬಿಸುಡುವ ತೆಳು ಬ್ಲೇಡುಗಳನ್ನು ಅಮೆರಿಕದಲ್ಲಿ ಮಾರಾಟಕ್ಕೆ ತಂದ ಮೇಲೆ, ಮಡಚುವ ಕತ್ತಿಯು ಮನೆಗಳಿಂದ ಕ್ರಮೇಣ ಮರೆಯಾಯಿತು. ಈಗ ಅದು ಹಳೆಯ ಪೆಟ್ಟಿಗೆಗಳಲ್ಲಿಯೂ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಸಿಕ್ಕುವ ವಸ್ತು. ಅದರ ಕಾಲವನ್ನು ಕೆಲವು ಗುರುತುಗಳಿಂದ ಊಹಿಸಬಹುದು. ಕಿರೀಟದೊಡನೆ ವಿ. ಆರ್. ಎಂಬ ಅಕ್ಷರಗಳಿದ್ದರೆ ಅದು 1837ರಿಂದ 1901ರವರೆಗಿನ ವಿಕ್ಟೋರಿಯಾ ರಾಣಿಯ ಕಾಲದ್ದು. ದೇಶದ ಹೆಸರನ್ನು ಒತ್ತಿದ್ದರೆ ಬಹುಶಃ 1891ರ ಈಚಿನದು. ಏಕೆಂದರೆ ಅಮೆರಿಕವು 1890ರ ಸುಂಕದ ಕಾನೂನಿನಲ್ಲಿ, ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ವಿಧಿಸಿತು.

ಆದರೆ ಕೊಳ್ಳುವವನು ಹೆಸರಿಗಿಂತ ಮೊದಲು ಅಂಚನ್ನು ನೋಡತಕ್ಕದ್ದು. ಬೆಳಕಿಗೆ ಹಿಡಿದು ಬಿರುಕುಂಟೋ ಎಂದು ಪರೀಕ್ಷಿಸಿರಿ. ಕೂದಲೆಳೆಯಷ್ಟು ಬಿರುಕಿದ್ದರೂ ಆ ಕತ್ತಿ ನಿರುಪಯೋಗಿ. ಬದಿಯ ಮೇಲಿನ ತುಕ್ಕು ಅಂದವನ್ನು ಮಾತ್ರ ಕೆಡಿಸೀತು. ಅಂಚಿನಲ್ಲಿ ಗುಳಿಬಿದ್ದ ತುಕ್ಕು ಕತ್ತಿಯನ್ನೇ ಕೆಡಿಸುತ್ತದೆ. ಅಂಚು ತುಸು ಹೊರಬಾಗಿದ್ದರೆ ಬಾಧಕವಿಲ್ಲ, ಒಳಬಾಗಿದ್ದರೆ ಬಿಟ್ಟುಬಿಡಿ. ಬೆನ್ನಿನ ಎರಡು ಬದಿಗಳಲ್ಲಿ ಕಲ್ಲಿಗೆ ಸವೆದ ಕಿರಿದಾದ ಪಟ್ಟೆಯಿರುವುದು ಸಹಜ. ಅದು ಅಗಲವಾಗಿ, ಒಂದೆಡೆ ಹೆಚ್ಚು ಒಂದೆಡೆ ಕಡಮೆಯಾಗಿದ್ದರೆ, ಹಿಂದಿನವರು ಅವಸರದಿಂದ ಮಸೆದಿದ್ದಾರೆಂದು ತಿಳಿಯಿರಿ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಸದಾಗಿ ಉಜ್ಜಿ ಥಳಥಳಿಸುವ ಕತ್ತಿಗಿಂತ, ಕಪ್ಪಾಗಿದ್ದರೂ ಉಕ್ಕು ಪೂರ್ಣವಾಗಿ ಉಳಿದಿರುವ ಕತ್ತಿ ಮೇಲು. ಹಳೆಯ ಸೆಲ್ಯುಲಾಯ್ಡ್ ಹಿಡಿಗಳು ಕೆಲವು ವೇಳೆ ಕೆಟ್ಟು, ಆಮ್ಲದ ಹಬೆಯನ್ನು ಬಿಟ್ಟು, ಪಕ್ಕದ ಉಕ್ಕನ್ನು ತಿನ್ನುತ್ತವೆ. ಆನೆಯ ದಂತದ ವ್ಯಾಪಾರವಂತೂ ನಮ್ಮ ದೇಶದಲ್ಲಿ ನಿಷಿದ್ಧ. ಅಂಥ ಹಿಡಿಯುಳ್ಳದ್ದನ್ನು ಕೊಳ್ಳಕೂಡದು.

ಇನ್ನು ಮಸೆಯುವ ವಿಚಾರ. ಎಷ್ಟು ಓರೆಯಾಗಿ ಹಿಡಿಯಬೇಕೆಂಬ ಚಿಂತೆ ಇಲ್ಲಿಲ್ಲ. ಅದನ್ನು ಕತ್ತಿಯೇ ನಿರ್ಣಯಿಸುತ್ತದೆ. ಬೆನ್ನನ್ನೂ ಅಂಚನ್ನೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಿಸುವುದಷ್ಟೇ ನಮ್ಮ ಕೆಲಸ. ಅಲಗಿನ ಅಗಲ 16 ಮಿಲಿಮೀಟರ್, ಬೆನ್ನಿನ ದಪ್ಪ ನಾಲ್ಕೂವರೆ ಮಿಲಿಮೀಟರ್ ಇದ್ದರೆ ಅಂಚಿನ ಕೋನ ಸುಮಾರು 16 ಡಿಗ್ರಿಯಾಗುತ್ತದೆ. ಬೆನ್ನೂ ಅಂಚೂ ಕೂಡಿಯೇ ಸವೆಯುವುದರಿಂದ ಆ ಕೋನ ಹೆಚ್ಚು ಕಡಮೆ ಹಾಗೆಯೇ ಉಳಿಯುತ್ತದೆ. ಆದಕಾರಣ ಕಲ್ಲು ಸಮತಟ್ಟಾಗಿರಬೇಕು, ಕೈ ಹಗುರವಾಗಿರಬೇಕು, ಬೆನ್ನನ್ನು ಎತ್ತಕೂಡದು.

ಮೊದಲು 1000 ಅಂಕದ ಕಲ್ಲನ್ನು ನೀರಿನಿಂದ ನೆನೆಸಿ, ಅಂಚು ಮುಂದಾಗಿ ಕತ್ತಿಯನ್ನು ನಡೆಸತಕ್ಕದ್ದು. ಕೊನೆಮುಟ್ಟಿದ ಮೇಲೆ ಬೆನ್ನಿನ ಮೇಲೆ ಹೊರಳಿಸಿ ಮತ್ತೊಂದು ಮಗ್ಗುಲನ್ನು ಹಿಂದಕ್ಕೆ ತರಬೇಕು. ಎರಡು ಮಗ್ಗುಲುಗಳೂ ಅಂಚಿನಲ್ಲಿ ಕೂಡಿದವೋ ಇಲ್ಲವೋ ಎಂಬುದನ್ನು ಭೂತಗನ್ನಡಿಯಿಂದ ನೋಡಬಹುದು. ದೀಪದ ಕೆಳಗೆ ಅಂಚನ್ನು ನೇರವಾಗಿ ದಿಟ್ಟಿಸಿದಾಗ ಬೆಳ್ಳಿಯ ಚುಕ್ಕೆಯೊಂದು ಮಿನುಗಿದರೆ ಅಲ್ಲಿ ಇನ್ನೂ ಮೊಂಡುತನವಿದೆ. ನಿಜವಾದ ಅಂಚಿಗೆ ಬೆಳಕನ್ನು ಹಿಂದಿರುಗಿಸುವಷ್ಟು ಅಗಲವೇ ಇರುವುದಿಲ್ಲ. ಈ ಘಟ್ಟವನ್ನು ದಾಟದೆ ನುಣುಪಿನ ಕಲ್ಲಿಗೆ ಹೋಗುವುದು, ಗೋಡೆಯನ್ನು ಕಟ್ಟದೆ ಸುಣ್ಣ ಬಳಿದಂತೆ. ಆಮೇಲೆ 4000, 8000, 12000 ಅಂಕದ ಕಲ್ಲುಗಳನ್ನು ಕ್ರಮವಾಗಿ ಬಳಸಬೇಕು. ಬೆಲ್ಜಿಯಂ ದೇಶದ ಆರ್ಡೆನ್ಸ್ ಪ್ರದೇಶದಲ್ಲಿ ದೊರೆಯುವ ಕೋಟಿಕ್ಯೂಲ್ ಎಂಬ ಹಳದಿ ಕಲ್ಲು ಕೊನೆಯ ನುಣುಪಿಗೆ ಪ್ರಸಿದ್ಧ. ಅದರಲ್ಲಿ ಅಡಗಿರುವ ಗಾರ್ನೆಟ್ ಹರಳಿನ ಕಣಗಳೇ ಉಕ್ಕನ್ನು ಅರೆಯುತ್ತವೆ.

ಕಟ್ಟಕಡೆಗೆ ಚರ್ಮದ ಪಟ್ಟಿ. ಇಲ್ಲಿ ಬೆನ್ನು ಮುಂದು, ಅಂಚು ಹಿಂದು; ಇದನ್ನು ಮರೆತರೆ ಪಟ್ಟಿಯೂ ಸೀಳುತ್ತದೆ, ಅಂಚೂ ಹಾಳಾಗುತ್ತದೆ. ಪ್ರತಿ ಕ್ಷೌರಕ್ಕೆ ಮುಂಚೆ ಪಟ್ಟಿಗೆ ಎಳೆಯುತ್ತಿದ್ದರೆ, ಕಲ್ಲಿನ ಅವಶ್ಯಕತೆ ತಿಂಗಳುಗಟ್ಟಲೆ ಬೀಳದು. ಕೂದಲು ಮೃದು, ಉಕ್ಕು ಗಡುಸು. ಹಾಗಿರುವಲ್ಲಿ ಕತ್ತಿ ಮೊಂಡಾಗುವುದೇಕೆ ಎಂದು ಕೇಳಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು ಕ್ಷೌರದ ಬ್ಲೇಡುಗಳನ್ನು ಪರೀಕ್ಷಿಸಿ 2020ರಲ್ಲಿ ಉತ್ತರವನ್ನು ಪ್ರಕಟಿಸಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಾಲು ಮೆತ್ತಗಿದ್ದರೂ, ಅದು ಬಾಗಿ ಅಂಚಿಗೆ ಓರೆಯಾಗಿ ತಗುಲಿದಾಗ, ಉಕ್ಕಿನ ರಚನೆ ಒಂದೇ ಸಮನಾಗಿಲ್ಲದ ಎಡೆಯಲ್ಲಿ ಸೂಕ್ಷ್ಮವಾದ ಚಕ್ಕೆ ಏಳುತ್ತದೆಂದು ಕಂಡುಬಂದಿತು. ಉಕ್ಕು ಏಕರೂಪವಾಗಿರಬೇಕೆಂದು ಹಂಟ್ಸ್‌ಮನ್ ಪಟ್ಟ ಶ್ರಮ ವ್ಯರ್ಥವಾದುದಲ್ಲ.

ಒಂದು ಎಚ್ಚರಿಕೆಯ ಮಾತು. ಹಳೆಯ ಕತ್ತಿಯನ್ನು ಚೆನ್ನಾಗಿ ತೊಳೆದು, ಕ್ರಿಮಿನಾಶಕದಿಂದ ಶುದ್ಧಿಮಾಡದೆ ಮುಖಕ್ಕೆ ಮುಟ್ಟಿಸಬಾರದು. ಅದನ್ನು ಒಬ್ಬರೇ ಬಳಸತಕ್ಕದ್ದು; ಕಾಣದಷ್ಟು ರಕ್ತದಿಂದಲೂ ಕಾಮಾಲೆಯಂಥ ರೋಗಗಳು ಹರಡಬಲ್ಲವು. ಬಳಸಿದ ಮೇಲೆ ಒರಸಿ, ತುಸು ಎಣ್ಣೆ ಸವರಿ ಇಡಬೇಕು.

ಕಲ್ಲು ಉಕ್ಕನ್ನು ತೆಗೆಯಬಲ್ಲದೇ ಹೊರತು ಸೇರಿಸಲಾರದು. ನೂರು ವರ್ಷ ಉಳಿದು ಬಂದ ಅಲಗಿನಲ್ಲಿ ಎಷ್ಟು ಉಕ್ಕನ್ನು ತೆಗೆಯದೆ ಬಿಟ್ಟೆವೆಂಬುದೇ ಮಸೆಯುವವನ ಜಾಣ್ಮೆಯ ಅಳತೆ. ತಾತನವರ ಆ ಕತ್ತಿ ಈಗಲೂ ನನ್ನ ಮೇಜಿನ ಮೇಲಿದೆ. ಬೇರೊಂದು ಕತ್ತಿಯನ್ನು ಕಲ್ಲಿನ ಮೇಲೆ ಇಡುವುದಕ್ಕೆ ಮುಂಚೆ ಅದರ ನೀಲಿ ಅಂಚನ್ನು ಒಮ್ಮೆ ನೋಡಿಕೊಳ್ಳುತ್ತೇನೆ.