ನಿಮಗಿದು ಗೊತ್ತೇ? ಸ್ಟೀರಿಂಗ್ ಬಾಕ್ಸಿನಲ್ಲಿ ಗೋಲಿಗಳ ಓಟ!

ಸರಕು ಹೊರುವ ವ್ಯಾನಿನ ಸ್ಟೀರಿಂಗ್ ಬಾಕ್ಸ್ ಬಿಚ್ಚಿದರೆ ಒಳಗಿಂದ ಉರುಳಿ ಬರುವುದೇನು ಗೊತ್ತೇ? ಫಳಫಳ ಹೊಳೆಯುವ ಉಕ್ಕಿನ ಗೋಲಿಗಳು! ತಿರುಪಿನಂಥ ವರ್ಮ್, ಅದರ ಮೇಲೊಂದು ದಪ್ಪ ನಟ್, ಎರಡರ ನಡುವೆ ಗೋಲಿಗಳ ಸಾಲು. ತುದಿ ಮುಟ್ಟಿದ ಗೋಲಿ ಪುಟ್ಟ ಕೊಳವೆಯಲ್ಲಿ ನುಗ್ಗಿ ಮತ್ತೆ ಸಾಲಿಗೇ ಸೇರುತ್ತದೆ!

ಬಹುತೇಕ ಕಾರುಗಳು ರ‍್ಯಾಕ್ ಆ್ಯಂಡ್ ಪಿನಿಯನ್ ಎಂಬ ಬೇರೆ ಬಗೆಯ ಸ್ಟೀರಿಂಗಿನ ಕಡೆ ವಾಲಿದವು. ಅಮೆರಿಕದ ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳ ನೆಚ್ಚಿನ ಫೋರ್ಡ್ ಇ-ಸೀರೀಸ್ ವ್ಯಾನು ಮಾತ್ರ ಗೋಲಿಗಳನ್ನು ಬಿಡಲಿಲ್ಲ. ಭಾರ ಹೊತ್ತು ಗುಂಡಿಗೆ ಬಿದ್ದರೂ ಈ ಬಾಕ್ಸ್ ಜಗ್ಗುವುದಿಲ್ಲ!

20:1 ಅನುಪಾತದ ಬಾಕ್ಸ್ ಇದ್ದರೆ ಲೆಕ್ಕ ನೋಡಿ. ನೀವು ಸ್ಟೀರಿಂಗನ್ನು ಪೂರ್ತಿ ಒಂದು ಸುತ್ತು ತಿರುಗಿಸಿದಿರಿ. ಬಾಕ್ಸಿನಿಂದ ಗಾಲಿಗಳ ಕಡೆ ಚಾಚಿದ ತೋಳು, ಅಂದರೆ ಪಿಟ್‌ಮನ್ ಆರ್ಮ್, ಹೊರಳಿದ್ದು ಬರೀ 18 ಡಿಗ್ರಿ!

ಸ್ಟೀರಿಂಗ್ ಲೊಡಲೊಡ ಅನ್ನುತ್ತಿದೆಯೇ? ತಪ್ಪು ಬಾಕ್ಸಿನದ್ದೇ ಆಗಿರಬೇಕಿಲ್ಲ! ಒಬ್ಬರು ಮೇಲೆ ಕೂತು ಸ್ಟೀರಿಂಗ್ ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗೆ ಇಣುಕಲಿ. ಬಾಕ್ಸಿಗೆ ಹೋಗುವ ಶಾಫ್ಟ್ ತಿರುಗಿದರೂ ಪಿಟ್‌ಮನ್ ಆರ್ಮ್ ಕದಲದಿದ್ದರೆ ಬಾಕ್ಸ್ ಸವೆದಿದೆ. ಆರ್ಮ್ ಕದಲಿದರೂ ಗಾಲಿ ಸುಮ್ಮನಿದ್ದರೆ ಸವೆದಿದ್ದು ಜಾಯಿಂಟು. ಹೊಸ ಬಾಕ್ಸಿನ ದುಡ್ಡು ಉಳಿಯಿತು!

ಬಾಕ್ಸಿನ ನೆತ್ತಿಯ ಮೇಲೊಂದು ಸ್ಕ್ರೂ ಇರುತ್ತದೆ. ಅದನ್ನು ಚೂರು ತಿರುಗಿಸಿದರೆ ಸಾಕು, ಒಳಗಿನ ಹಲ್ಲುಗಳು ಹತ್ತಿರ ಬರುತ್ತವೆ. ಆದರೆ ಗಾಲಿ ನೇರವಾಗಿದ್ದಾಗಲೇ ಬಿಗಿ ಮಾಡಬೇಕು. ಏಕೆಂದರೆ ಹಲ್ಲುಗಳು ನಡುವೆ ಬಿಗಿ, ಅಕ್ಕಪಕ್ಕದಲ್ಲಿ ಸಡಿಲ ಇರುವಂತೆ ಬೇಕೆಂದೇ ಮಾಡಿರುತ್ತಾರೆ! ಅತಿಯಾಗಿ ಬಿಗಿ ಮಾಡಿದಿರೋ, ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ!

ಬಾಕ್ಸ್ ಬದಲಿಸುವಾಗ ಪಿಟ್‌ಮನ್ ಆರ್ಮಿನ ನಟ್ ಬಿಚ್ಚಿದ ಮಾತ್ರಕ್ಕೆ ಆರ್ಮ್ ಕಳಚುವುದಿಲ್ಲ. ಅಷ್ಟು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ! ಸುತ್ತಿಗೆಯಲ್ಲಿ ಬಡಿದರೆ ಪೆಟ್ಟು ಒಳಗಿನ ಬೇರಿಂಗಿಗೂ ತಾಗೀತು. ಅದಕ್ಕೇ ಆರ್ಮನ್ನು ಎಳೆದು ತೆಗೆಯುವ ಪುಲ್ಲರ್ ಬೇಕು.

ಏರ್‌ಬ್ಯಾಗ್ ಇರುವ ವ್ಯಾನಿನಲ್ಲಿ ಇನ್ನೊಂದು ಗಮ್ಮತ್ತಿದೆ. ಸ್ಟೀರಿಂಗಿನ ಹಿಂದೆ ಸುರುಳಿ ಸುತ್ತಿದ ತೆಳ್ಳನೆ ರಿಬ್ಬನ್ ಒಂದಿದೆ. ಏರ್‌ಬ್ಯಾಗಿಗೆ ಕರೆಂಟ್ ಹೋಗುವುದು ಅದರಲ್ಲೇ. ಬಾಕ್ಸ್ ಕಳಚಿಟ್ಟು ಸ್ಟೀರಿಂಗನ್ನು ಗರಗರ ತಿರುಗಿಸಿದರೆ ರಿಬ್ಬನ್ ಪಟ್ಟೆಂದು ಹರಿದೀತು. ಮೊದಲು ಸ್ಟೀರಿಂಗ್ ಕಟ್ಟಿಹಾಕಿ!

ಕಾರಿನ ಟೈರಿನಲ್ಲಿ ಗಾಳಿ ಸುಮಾರು 30-35 ಪಿಎಸ್‌ಐ. ಪವರ್ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ಎಳೆದು ಹಿಡಿದಾಗ ಆಯಿಲ್ ಒತ್ತಡ 1000 ಪಿಎಸ್‌ಐಯನ್ನೂ ದಾಟುತ್ತದೆ! ಇಷ್ಟೊಂದು ಒತ್ತಡಕ್ಕೆ ದಾರಿ ಬಿಡುವುದು ಒಂದು ತೆಳು ಉಕ್ಕಿನ ಕಡ್ಡಿ. ನಿಮ್ಮ ಕೈಯ ಬಲಕ್ಕೆ ಅದು ಕೆಲವೇ ಡಿಗ್ರಿ ತಿರುಚಿಕೊಂಡರೆ ವಾಲ್ವ್ ತೆರೆಯುತ್ತದೆ!

ಹೊಸ ಬಾಕ್ಸ್ ಹಾಕಿದ ಮೇಲೆ ಎಂಜಿನ್ ಆಫ್ ಇಟ್ಟೇ ಸ್ಟೀರಿಂಗ್ ತಿರುಗಿಸುತ್ತಾರೆ. ಮುಂದಿನ ಗಾಲಿಗಳನ್ನು ಎತ್ತಿ, ಈ ತುದಿಯಿಂದ ಆ ತುದಿಗೆ, ನಿಧಾನಕ್ಕೆ. ಆಯಿಲ್ ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಏಳುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬೀಳುವ ಬಗೆ ಅದು!

ಪವರ್ ಸ್ಟೀರಿಂಗನ್ನು ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಕಾರಿಗೆ ಜೋಡಿಸಿ ತೋರಿಸಿದ್ದರು. ಅವರು ಪಿಯರ್ಸ್-ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದವರು. ಅಂಗಡಿಯಲ್ಲಿ ಕೊಳ್ಳಲು ಸಿಕ್ಕಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ಕಾದದ್ದು ಬರೋಬ್ಬರಿ 25 ವರ್ಷ!

ಸ್ಟೀರಿಂಗ್ ಎಷ್ಟು ಲೊಡಲೊಡ ಅನ್ನಬಹುದು ಎನ್ನುವುದಕ್ಕೂ ನಮ್ಮಲ್ಲಿ ಕಾನೂನಿದೆ! ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮ ನೋಡಿ. ಸ್ಟೀರಿಂಗಿನ ಸಡಿಲ ಆಟ (ಪ್ಲೇ) 30 ಡಿಗ್ರಿ ಮೀರುವಂತಿಲ್ಲ. ಅಂದರೆ ಪೂರ್ತಿ ಸುತ್ತಿನ ಹನ್ನೆರಡರಲ್ಲಿ ಒಂದು ಪಾಲು!

ಅಮೆರಿಕದಲ್ಲಿ ಕೆಟ್ಟ ಬಾಕ್ಸಿಗೂ ಬೆಲೆಯಿದೆ. ರಿಪೇರಿಯಾದ ಬಾಕ್ಸ್ ಕೊಳ್ಳುವಾಗ ಅಂಗಡಿಯವರು ಠೇವಣಿ ಹಿಡಿಯುತ್ತಾರೆ. ಹಳೆಯದನ್ನು ತಂದುಕೊಟ್ಟರೆ ದುಡ್ಡು ವಾಪಸ್. ಆ ಹಳೆ ಬಾಕ್ಸಿಗೆ ಹೊಸ ಸೀಲು, ಬೇರಿಂಗ್ ಹಾಕಿ ಮತ್ತೆ ಮಾರುತ್ತಾರೆ. ನಿಮ್ಮ ವ್ಯಾನಿನಲ್ಲಿ ಕೆಟ್ಟು ಕೂತ ಬಾಕ್ಸ್ ನಾಳೆ ಇನ್ಯಾರದೋ ವ್ಯಾನನ್ನು ತಿರುಗಿಸುತ್ತಿರಬಹುದು!